ಆರತಿಯ ನೀರು

ತಟ್ಟೆಯಲ್ಲಿ ಕೆಂಪು ನೀರು ಒಮ್ಮೆ ಆಚೆ ಒಮ್ಮೆ ಈಚೆ ತುಳುಕುತ್ತಿದೆ, ಬಾಲ್ಕನಿಯ ಬಿಸಿಲು ಅದರೊಳಗೆ ಬಿದ್ದು ಕಣ್ಣು ಕುಕ್ಕುತ್ತಿದೆ, ಮಗು ಮನೆಗೆ ಬಂತಲ್ಲ, ಸದ್ಯ, ಬಂತಲ್ಲ — ಎಂದುಕೊಳ್ಳುತ್ತಲೇ ಗಿರಿಜಮ್ಮ ಕರಿಬೇವಿನ ಕುಂಡದ ಮೇಲೆ ತಟ್ಟೆ ಬಗ್ಗಿಸಿದಳು, ಇನ್ನೇನು ಬೀಳಬೇಕು, ಕೈ ಗಕ್ಕನೆ ನಿಂತಿತು. ಅಮ್ಮಾ, ಮತ್ತೆ ಅದೇ ಕುಂಡಕ್ಕಾ. ಹರಿಣಿ ಇಲ್ಲಿಲ್ಲ, ಒಳಗೆ ಅಕ್ಕನ ಆಸ್ಪತ್ರೆ ಬ್ಯಾಗು ಬಿಚ್ಚುತ್ತಿದ್ದಾಳೆ, ಆದರೂ ಅವಳ ಗದರಿಕೆ ಕಿವಿಯಲ್ಲೇ ಮನೆ ಮಾಡಿದೆ, ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರ ಓದುವ ಕಿರಿಮಗಳು, ಹೆತ್ತಮ್ಮನಿಗೇ ಮೇಡಮ್ಮು. ಆರತಿ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೆ ಸುರಿಯಬೇಕು, ಊರಲ್ಲಾದರೆ ಹಿತ್ತಿಲ ತುಂಬ ಗಿಡ, ಹಿಂದಿ ಸೀಮೆಯ ಜನಕಪುರಿಯ ಈ ಮಹಡಿ ಮನೆಯಲ್ಲಿ ಇರುವುದೊಂದೇ ಕುಂಡ, ಹುಟ್ಟುಹಬ್ಬಕ್ಕೂ ಅದೇ, ಶುಕ್ರವಾರಕ್ಕೂ ಅದೇ, ಹಿರಿಮಗಳು ಹಂಸಿನಿಯ ಸೀಮಂತಕ್ಕೂ ಅದೇ, ಅರಿಶಿನಕ್ಕೆ ಸುಣ್ಣ ಕದಡಿದ ನೀರು ವರ್ಷಗಟ್ಟಲೆ ಇಳಿದದ್ದೇ ಇಳಿದದ್ದು. ಹಂಸಿನಿ ಹೆರಿಗೆಗೆಂದು ಪೀತಮ್‌ಪುರದ ಗಂಡನ ಮನೆಯಿಂದ ಬಂದ ಹೊತ್ತಿಗೆ ಚಿಗುರೆಲ್ಲ ಹಳದಿ, ಹಳೆಯ ಎಲೆ ಹಸಿರಾಗಿಯೇ ಇದೆ, ಹೊಸದು ಮಾತ್ರ ಹಳದಿ, ಅದರ ನರಗಳಷ್ಟೇ ಹಸಿರು ದಾರದ ಹಾಗೆ — ತುಂಬು ಬಸುರಿ ಮನೆಯಲ್ಲಿರುವಾಗ ಚಿಗುರು ಹೀಗಾಗುವುದೇ, ಯಾರಿಗೂ ಹೇಳಲಿಲ್ಲ, ಇನ್ನೊಂದು ಆರತಿ ಎತ್ತಿ ಇನ್ನೊಂದು ತಟ್ಟೆ ಸುರಿದಳು.

ಕಡೆಗೆ ಕುಂಡ ಕಂಡ ಹರಿಣಿಯೇ ಬಿಡಿಸಿ ಹೇಳಿದ್ದಳು, ಸುಣ್ಣ ಜಾಸ್ತಿಯಾದ್ರೆ ಮಣ್ಣಲ್ಲಿರೋ ಕಬ್ಬಿಣ ಬೇರಿಗೆ ಸಿಗಲ್ಲಮ್ಮಾ, ಇದ್ದೂ ಇಲ್ಲದ ಹಾಗೆ, ಸಮ್‌ಝೀ, ಗೊತ್ತಾಯ್ತಾ? ಕಾಂಡದೊಳಗೆ ಎರಡು ಲೈನು, ನಮ್ಮ ಮೆಟ್ರೋ ಥರ, ಒಂದರಲ್ಲಿ ಬೇರಿಂದ ನೀರು ಮೇಲಕ್ಕೆ ಹೋಗತ್ತೆ, ಇನ್ನೊಂದರಲ್ಲಿ ಎಲೆ ಮಾಡಿದ ಊಟ ಬೇರಿಗೂ ಚಿಗುರಿಗೂ. ಹಾಗಾದರೆ ಹಳೆ ಎಲೆಗಳು ತಮ್ಮಲ್ಲಿರುವ ಕಬ್ಬಿಣ ಒಂಚೂರು ಕೊಡಬಾರದೇನೇ? ಬೇರೆ ಕೆಲವು ಸತ್ವಾನ ಕೊಡತ್ತಮ್ಮಾ, ಕಬ್ಬಿಣ ಮಾತ್ರ ಒಂದ್ಸಲ ಕೂತ ಎಲೆ ಬಿಟ್ಟು ಏಳಲ್ಲ. ಗಿರಿಜಮ್ಮನಿಗೆ ಆ ಹಳೆ ಎಲೆಗಳ ಮೇಲೆ ಎಂಥ ಸಿಟ್ಟು ಬಂದಿತ್ತು, ಜಿಪುಣ ಮುದಿಗಳು, ನಾನಾಗಿದ್ದರೆ — ಹರಿಣಿ ಮಣ್ಣು ಬದಲಿಸಿದಳು, ಎಲೆಗಳಿಗೆ ಕಬ್ಬಿಣದ ಔಷಧಿ ಸಿಂಪಡಿಸಿದಳು, ಅದೇ ವಾರ ಹೆರಿಗೆ, ಹೆಣ್ಣು ಮಗು, ಮೂರನೆಯ ದಿನ ಡಾಕ್ಟರು ಮಗುವಿನ ಹಣೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು, ಒತ್ತಿದ ಕಡೆ ಹಳದಿ, ಕಾಮಾಲೆ ಅಂದರು. ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಅಂಗೈಯಷ್ಟು ಜೀವ, ಮಾತಾಜೀ, ಹಾಥ್ ಮತ್ ಲಗಾನಾ, ಮುಟ್ಟಬೇಡಿ ಅಂದಳು ನರ್ಸು, ಗಾಜಿನಾಚೆ ನಿಂತು ಗಿರಿಜಮ್ಮ ಏನು ತಾನೇ ಕೊಡಬಲ್ಲಳು, ತಾನೂ ಹಸಿರಾಗಿ ಕೂತ ಹಳೆ ಎಲೆಯೇ, ಸುರಿದದ್ದೂ ಈ ಕೈಯೇ, ಕಡೆಗೆ ಹರಿಣಿಯನ್ನು ಕಾರಿಡಾರಿಗೆ ಎಳೆದು ಕೇಳಿಯೇಬಿಟ್ಟಳು, ನಾನು ಹಾಕಿದ ನೀರಿಂದ ಮಗೂಗೇನಾದ್ರೂ? ಕುಛ್ ಭೀ, ಏನೇನೋ ಹೇಳ್ತೀಯ ಅಮ್ಮಾ! ಗಿಡದ ಹಳದಿ ಬೇರೆ ಇದು ಬೇರೆ, ಎಷ್ಟೋ ಮಕ್ಕಳಿಗೆ ಬರತ್ತೆ ಹೋಗತ್ತೆ, ಅಂದವಳೇ ತಬ್ಬಿಕೊಂಡಳು, ಆಮೇಲೆ ಅವಳೂ ಮತ್ತೆ ಮತ್ತೆ ಗಾಜಿನ ಹತ್ತಿರ ಹೋಗಿ ನೋಡಿ ಬಂದಳು, ಪಾಪ. ಇವತ್ತು ಬೆಳಿಗ್ಗೆ ಡಾಕ್ಟರು ಮತ್ತೆ ಹಣೆ ಒತ್ತಿದರು, ಬೆರಳೆದ್ದಿತು, ಬಿಳಿ, ಆಮೇಲೆ ಗುಲಾಬಿ, ಘರ್ ಲೇ ಜಾಯಿಯೇ ಅಂದರು, ಮನೆಗೆ ಕರಕೊಂಡು ಹೋಗಿ.

ಈಗ ಈ ತಟ್ಟೆ ಎಲ್ಲಿಗೆ, ಸಿಂಕಿಗೆ ಸುರಿಯಲು ಮನಸ್ಸಿಲ್ಲ, ಕೆಳಕ್ಕೆ ಚೆಲ್ಲಿದರೆ ಕೆಳಗಿನ ಮನೆ ಆಂಟಿ ಹಗ್ಗದ ಮೇಲೆ ಹಾಕಿದ ಬಿಳಿ ಚಾದರ, ಗೇಟಿನ ಬಳಿಯ ಬೇವಿನ ಮರ ದೊಡ್ಡದು, ನೆಲದಲ್ಲಿ ಬೇರು ಬಿಟ್ಟದ್ದು, ಒಂದು ತಟ್ಟೆ ಸುಣ್ಣಕ್ಕೆ ಜಗ್ಗಲಾರದು, ಸಂಜೆ ಇಳಿದು ಹಾಕಿದರಾಯಿತು. ಕುಂಡದಲ್ಲಿ ತುದಿಗೊಂದು ಚಿಗುರು, ಹಳದಿಯೋ ಹಸಿರೋ ಇನ್ನೂ ಹೇಳಲಾಗದು, ಇರಲಿ, ನಿಧಾನವಾಗಿಯೇ ಬರಲಿ. ತಟ್ಟೆಯನ್ನು ಮೂಲೆಗಿಟ್ಟಳು, ಒಳಗೆ ಮಗು ಅತ್ತಿತು, ಎಷ್ಟು ಗಟ್ಟಿಯಾಗಿ ಅಳುತ್ತಾಳಪ್ಪ, ಹಾಯೆನಿಸಿತು, ಅಮ್ಮಾ, ಒಂಚೂರು ಎತ್ಕೋ ಎನ್ನುತ್ತಿದ್ದಾಳೆ ಹಂಸಿನಿ, ಬೆರಳಿನ ಕೆಂಪನ್ನು ಸೆರಗಿಗೆ ಒರೆಸಿಕೊಂಡು ಎತ್ತಿಕೊಂಡಳು, ಕಂಬಳಿಯಿಂದ ಹೊರಬಂದ ಪಾದ, ಅದರ ಮೇಲೆ ತನ್ನ ಹೆಬ್ಬೆರಳು, ಮೆಲ್ಲಗೆ ಒತ್ತಿ ತೆಗೆದಳು, ಬಿಳಿ — ಗುಲಾಬಿ. ಇನ್ನೊಮ್ಮೆ ಒತ್ತಿದಳು. ಬಿಳಿ. ಗುಲಾಬಿ.