ಮೀಟರಿಗೆ ಎರಡೇಟು

"ಮೀಟರ್ ಸರಿ ಅದರೀ ಸಾಹೇಬ್ರ. ನೋಡಾಂವನ ನೋಡಲಿಲ್ಲ," ಎಂದು ಮಾಲೀಕ ಹಂಪಣ್ಣ ಹೇಳುವುದು ಕೇಳಿ ಮಲ್ಲೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಸಿರವಾರದ ಆ ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅವಳ ಗಂಡ ದುರುಗೇಶ. ಹೋದ ವಾರ ಹಬೆಯ ಪೈಪು ಒಡೆದು ಎರಡೂ ಕೈ ಬೆಂದು, ಈಗ ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತನಿಖೆಗೆ ಬಂದ ಅಧಿಕಾರಿ ಇದನ್ನೇ ಬರೆದುಕೊಂಡು ಹೋದರೆ ತಪ್ಪೆಲ್ಲ ದುರುಗೇಶನದು. ಆಮೇಲೆ ಅವನನ್ನು ಕೇಳುವವರು ಯಾರೂ ಇಲ್ಲ.

ಹಬೆಯ ಒತ್ತಡ ತೋರಿಸುವ ಆ ಮೀಟರ್ ಎಂಥ ಸುಳ್ಳುಬುರುಕನೆಂದು ಗಿರಣಿಗೆಲ್ಲ ಗೊತ್ತಿತ್ತು. ದೊಡ್ಡ ಮೋಟಾರು ಚಾಲೂ ಆದಾಗಲೆಲ್ಲ ಅಂಕಿ ಸುಮ್ಮಸುಮ್ಮನೆ ಜಿಗಿಯುತ್ತಿತ್ತು. ಮೀಟರಿನ ತೆಳು ವೈರು ಮೋಟಾರಿನ ದಪ್ಪ ಕೇಬಲ್ಲಿನ ಜೊತೆ ಒಂದೇ ಪೈಪಿನಲ್ಲಿದೆ, ಕರೆಂಟಿನ ಹೊಡೆತ ಇದಕ್ಕೂ ತಗಲುತ್ತದೆ, ಲೋಹದ ಜಾಲರಿ ಹೊದಿಸಿದ ವೈರನ್ನು ಬೇರೆ ಪೈಪಿನಲ್ಲಿ ಎಳೆದು ಅರ್ಥಿಂಗ್ ಕೊಡಿಸಿ ಎಂದು ಮೀಟರ್ ಕೂಡಿಸಿದ ಉದಯಕುಮಾರ ಆಗಲೇ ಬಾಯಿ ಬಡಕೊಂಡಿದ್ದ. ಒಂದು ಪೈಪು ಸಾಕೆಂದವನು ಇದೇ ಹಂಪಣ್ಣ. ಅಂದಿನಿಂದ ಅಂಕಿ ಜಿಗಿದರೆ ಹತ್ತಿರವಿದ್ದವರು ಮೀಟರಿನ ಡಬ್ಬಿಗೆ ಎರಡೇಟು ಹಾಕುವುದು ರೂಢಿಯಾಯಿತು. ಮೋಟಾರು ವೇಗ ಹಿಡಿದರೆ ಅಂಕಿ ತಾನೇ ಇಳಿಯುತ್ತಿತ್ತು. ಏಟಿಗೆ ಇಳಿಯಿತೆಂದು ಎಲ್ಲರೂ ನಂಬಿದ್ದರು. ಹೋದ ವಾರ ಒತ್ತಡ ನಿಜವಾಗಿಯೂ ಏರಿದಾಗ ದುರುಗೇಶ ಮಾಡಿದ್ದೂ ಅದನ್ನೇ.

ಚೀಲ ಹೊಲಿಯುತ್ತ ಕೂತಿದ್ದ ಮಲ್ಲೇಶ್ವರಿ ದಬ್ಬಣ ಬಿಸಾಕಿ ಎದ್ದು ಬಂದಳು. ಮಾಲೀಕನೆದುರು ಎಂದೂ ದನಿ ಎತ್ತಿದವಳಲ್ಲ.

"ನಿಂತ ಗಿರಣಿ ಏನ್ ನೋಡ್ತೀರಿ ಸಾಹೇಬ್ರ? ಮೋಟಾರ್ ಚಾಲೂ ಮಾಡಿಸ್ರಿ."

ಹೆಂಗಸರಿಗೆ ಯಾಕೆ ಇದೆಲ್ಲ ಎಂದು ಹಂಪಣ್ಣ ನಕ್ಕ. ಅಧಿಕಾರಿ ನಗಲಿಲ್ಲ, ಚಾಲೂ ಮಾಡಿ ಎಂದರು.

ಗುಂಡಿ ಒತ್ತಿದ್ದೇ ತಡ ನೆಲ ನಡುಗಿತು. ವಾರದಿಂದ ಬೆಂಕಿಯನ್ನೇ ಕಾಣದ ಬಾಯ್ಲರಿನ ಮೀಟರಿನಲ್ಲಿ ಅಂಕಿ ಜಿಗಿಯಿತು. ದುರುಗೇಶನ ಬೇಜವಾಬ್ದಾರಿಯ ಬಗ್ಗೆ ಹೇಳುತ್ತಿದ್ದ ಹಂಪಣ್ಣ ಮಾತು ನಿಲ್ಲಿಸದೆ, ಅತ್ತ ಸರಿಯಾಗಿ ನೋಡದೆ, ಕೈ ಎತ್ತಿ ಡಬ್ಬಿಗೆ ಎರಡೇಟು ಹಾಕಿದ.

ಹೊಡೆದ ಕೈ ಡಬ್ಬಿಯ ಮೇಲೇ ಉಳಿಯಿತು.

"ನನ್ ಗಂಡನೂ ಹಿಂಗ ಹೊಡದಿದ್ನರೀ," ಎಂದಳು ಮಲ್ಲೇಶ್ವರಿ. "ಅವನ ಕೈ ಸುಟ್ಟಾವ. ನಿಮ್ಮವು ಗಟ್ಟಿ ಅದಾವ."

ಅಂಕಿ ಇಳಿಯತೊಡಗಿತು. ಅಧಿಕಾರಿ ಅದನ್ನು ನೋಡುತ್ತಿರಲಿಲ್ಲ. ತೌಡಿನ ಧೂಳು ಹಿಡಿದ ಡಬ್ಬಿಯ ಮೇಲೆ ಇನ್ನೂ ಹಾಗೇ ಇದ್ದ ಹಂಪಣ್ಣನ ಉಂಗುರದ ಕೈಯನ್ನು ನೋಡುತ್ತಿದ್ದರು.