ಅಪ್ಪ ಒತ್ತಿದ ಬಟನ್

ಕಲ್ಯಾಣದುರ್ಗದಲ್ಲಿ ನಮ್ಮದೊಂದು ಮೊಬೈಲ್ ಅಂಗಡಿಯಿದೆ. ಗಂಡ ಆನಂದಕುಮಾರ್ ಕವರ್, ಚಾರ್ಜರ್ ಮಾರುತ್ತಾನೆ. ರಿಪೇರಿ, ಬೆಸುಗೆ ಎಲ್ಲ ನನ್ನದು. ಹಿಂದೂಪುರದಿಂದ ಅಮ್ಮನ ಫೋನು ಬಂದಾಗ ನನಗೆ ಸ್ವಲ್ಪ ಜಂಭವೇ ಆಯಿತು, ಸುಳ್ಳೇಕೆ ಹೇಳಲಿ.

"ಧನೂ, ನಿಮ್ಮಪ್ಪ ನರಳಿದ್ರೂ ಮಗ್ಗದ ಸದ್ದಲ್ಲಿ ಕೇಳಿಸಲ್ಲ ಕಣಮ್ಮ. ನಿಂಗೆ ಈ ವೈರು ಗೀರು ಎಲ್ಲಾ ಗೊತ್ತಲ್ಲ, ಏನಾದ್ರೂ ಮಾಡ್ಕೊಡೇ."

ಅಪ್ಪ ಸೀತಾರಾಮಪ್ಪನವರಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ಆಡುತ್ತಿದ್ದದ್ದು ಎಡಗೈಯೊಂದೇ. ಗಂಟಲಲ್ಲಿ ಕಫ ಸಿಕ್ಕಿಕೊಂಡರೆ ತಕ್ಷಣ ಮಗ್ಗುಲಿಗೆ ಹೊರಳಿಸಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅವರನ್ನು ಒಳಕೋಣೆಯಲ್ಲಿ ಮಲಗಿಸಿ ಅಮ್ಮ ಪಡಸಾಲೆಯಲ್ಲಿ ಕರೆಂಟ್ ಮಗ್ಗ ಓಡಿಸುತ್ತಿದ್ದಳು. ಅದು ಓಡುವಾಗ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸದು.

ಅಂಗಡಿಯಲ್ಲಿದ್ದ, ಪ್ರೋಗ್ರಾಂ ಬರೆದಂತೆ ನಡೆಯುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅಪ್ಪ ಕರೆದರೆ ಹತ್ತಲೆಂದು ಮೊದಲು ಮಗ್ಗದ ಮೇಲೊಂದು ಕೆಂಪು ದೀಪ ಕಟ್ಟಿದೆ. ಅಮ್ಮನ ಕಣ್ಣು ಎಳೆ ಬಿಟ್ಟು ಮೇಲೇಳಲೇ ಇಲ್ಲ. ಹೀಗಾದರೆ ಆಗುವುದಿಲ್ಲವೆಂದು, ಅಪ್ಪ ಎಡಗೈಯಲ್ಲಿ ಬಟನ್ ಒತ್ತಿದರೆ ಮಗ್ಗದ ಮೋಟರೇ ನಿಲ್ಲುವಂತೆ, ಕರೆಂಟ್ ಕಡಿಯುವ ಒಂದು ರಿಲೇ ಸೇರಿಸಿದೆ. ದೀಪಕ್ಕೂ ರಿಲೇಗೂ ಹೋಗಿ ಬಟನ್ನಿಗೆ, ಕರೆಂಟ್ ವಾಪಸಾಗುವ ಗ್ರೌಂಡ್ ಪಿನ್ನೇ ಉಳಿಯಲಿಲ್ಲ. ಆದರೇನಂತೆ, ಡಿಜಿಟಲ್ ಪಿನ್‌ಗಳು ಸಾಲಾಗಿ ಖಾಲಿ ಬಿದ್ದಿದ್ದವು. ಪಕ್ಕಪಕ್ಕದ ಎರಡನ್ನು ಆರಿಸಿದೆ. ಒಂದನ್ನು ಸೊನ್ನೆ ವೋಲ್ಟಿನಲ್ಲೇ ನಿಲ್ಲಿಸಿ ಗ್ರೌಂಡಿನ ಕೆಲಸಕ್ಕೆ ಹಚ್ಚಿದೆ, ಇನ್ನೊಂದಕ್ಕೆ ಬಟನ್ ಒತ್ತಿದ್ದು ತಿಳಿಯುವಂತೆ ಪ್ರೋಗ್ರಾಂ ಬರೆದೆ. ಭೇಷ್ ಕಣೇ ಧನಲಕ್ಷ್ಮಿ, ಅಂತ ನನಗೆ ನಾನೇ ಹೇಳಿಕೊಂಡೆ.

ಅಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಕೈಯಾರೆ ನಿಲ್ಲಿಸಿದರೆ ಲಾಳಿ ಅಂಚು ಸೇರಿ ನಿಲ್ಲುತ್ತದೆ. ಕರೆಂಟ್ ಕಿತ್ತರೆ ನಡುವೆಯೇ ಸಿಕ್ಕಿ, ಎಳೆ ಹರಿದು, ಬಟ್ಟೆಗೆ ಅಡ್ಡಗೆರೆ ಬೀಳುತ್ತದೆ.

"ಗೆರೆ ಬಿದ್ರೆ ನಿಮ್ಮಪ್ಪ ಸುಮ್ಕಿರ್ತಾರಾ? ಸೆರಗಲ್ಲಿ ಒಂದು ಗೆರೆ ಬಿದ್ರೆ ಉಣ್ಣದೆ ಮಲಗ್ತಿದ್ದ ಮನುಷ್ಯ!"

"ಬೀಳ್ಲಿ ಬಿಡಮ್ಮ, ಜೀವಕ್ಕಿಂತ ದೊಡ್ಡದಾ?"

ಅಪ್ಪನ ಹೆಬ್ಬೆರಳು ಹಿಡಿದು ಬಟನ್ ಒತ್ತಿಸಿದೆ. ಮಗ್ಗ ಗಕ್ಕನೆ ನಿಂತಿತು, ಅಮ್ಮ ಓಡಿ ಬಂದಳು. ಅಪ್ಪ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಆಮೇಲೆ ಅವರು ಒತ್ತುತ್ತಿದ್ದದ್ದು ಅಮ್ಮ ಲಾಳಿಯ ನೂಲು ಬದಲಿಸಲು ಮಗ್ಗ ನಿಲ್ಲಿಸಿದಾಗ ಮಾತ್ರ. "ಟೈಮ್ ನೋಡ್ಕೊಂಡು ಒತ್ತಾರೆ ಕಣೇ, ಭಾರಿ ಕಿಲಾಡಿ," ಎಂದು ಅಮ್ಮ ಫೋನಿನಲ್ಲಿ ನಗುತ್ತಿದ್ದಳು. ನಾನೂ ನಕ್ಕೆ.

ಶ್ರಾವಣದಲ್ಲಿ, ಅಮ್ಮ ಯಾರದೋ ಮದುವೆ ಸೀರೆಯ ಸೆರಗು ನೇಯುತ್ತಿದ್ದಾಗ, ಅಪ್ಪ ಹೋದರು. ಸೆರಗು ಮುಗಿಸಿ ಗಂಜಿ ಹಿಡಿದು ಅಮ್ಮ ಒಳಗೆ ಹೋಗುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ, ಅಮ್ಮ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಾಗ ನಾನು ಅವರ ಹಾಸಿಗೆ ಸುತ್ತಿದೆ. ಬಟನ್ ಹಾಸಿಗೆಗೂ ಗೋಡೆಗೂ ನಡುವೆ ಆಳಕ್ಕೆ ತುರುಕಿಕೊಂಡಿತ್ತು. ಎಡಗೈಯಿಂದ ಬೇಕೆಂದೇ ದೂಡದೆ ಅದು ಅಲ್ಲಿಗೆ ಹೋಗುವಂತಿರಲಿಲ್ಲ. ತಲೆದೆಸೆಯಲ್ಲಿದ್ದ ಬೋರ್ಡನ್ನೂ ಕೈಗೆತ್ತಿಕೊಂಡು ಬಟನ್ ಒತ್ತಿ ನೋಡಿದೆ. ಪಡಸಾಲೆಯಲ್ಲಿ ಮಗ್ಗದ ಮೇಲಿನ ಕೆಂಪು ದೀಪ ಹತ್ತಿತು, ರಿಲೇ ಟಕ್ಕೆಂದಿತು. ಎಲ್ಲ ಸರಿಯಾಗಿತ್ತು.

ಅಯ್ಯೋ ಹಠಮಾರಿ ಮುದುಕಾ! ಯಾರೋ ಉಡುವ ಸೀರೆಗೆ ಗೆರೆ ಬೀಳಬಾರದೆಂದು ಹೀಗೆ ಮಾಡಿದೆಯಾ? ನನಗೆ ಸಿಟ್ಟು ಉಕ್ಕಿತು, ಅಳುವೂ ಬಂತು.

ಹಿಂದೆಯೇ ಅಮ್ಮ ಬಂದು ಬಾಗಿಲಲ್ಲಿ ನಿಂತಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಜ ಹೇಳೇ ಧನೂ. ಅವ್ರು ನನ್ನ ಕರೀಲೇ ಇಲ್ವಾ? ಇಷ್ಟು ವರ್ಷ ಬಾಳಿ, ಹೋಗೋ ಹೊತ್ತಲ್ಲಿ ನಾನು ಬ್ಯಾಡ ಅಂದ್ಬುಟ್ರಾ?"

ಬೋರ್ಡನ್ನು ಬೆನ್ನ ಹಿಂದೆ ಹಿಡಿದು ಬಟನ್ನಿನ ವೈರನ್ನು ಜಗ್ಗಿದೆ. ಅಷ್ಟು ಚೆನ್ನಾಗಿ ಬೆಸೆದಿದ್ದೆ, ಬೇಗ ಬರಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ಕಿತ್ತು ಬಂತು.

"ವೈರ್ ಕಿತ್ತೋಗಿತ್ತಮ್ಮಾ. ನನ್ ಬೆಸುಗೇನೇ ಸರಿ ಇರ್ಲಿಲ್ಲ. ಅಪ್ಪ ಒತ್ತವ್ರೆ, ಮಗ್ಗ ನಿಂತಿಲ್ಲ ಅಷ್ಟೇ."

ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. "ನಿನ್ ಕೈ ಸೇದೋಗ!" ಎಂದಳು. ಆಮೇಲೆ ಕುಸಿದು ಕೂತು, "ಕರೆದವ್ರೆ... ನನ್ನ ಕರೆದವ್ರೆ," ಎನ್ನುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಮಾತಾಡಿಸಲು ಬಂದವರಿಗೆಲ್ಲ ಈಗ ಅದನ್ನೇ ಹೇಳುತ್ತಾಳೆ: "ಅವ್ರು ನನ್ನ ಕರೆದ್ರು ಕಣಮ್ಮ. ಈ ಮುಂಡೇದು ವೈರ್ ನೆಟ್ಟಗೆ ಹಾಕಿರ್ಲಿಲ್ಲ."

ನೆಂಟರೆಲ್ಲ ನನ್ನ ಕಡೆ ತಿರುಗುತ್ತಾರೆ. ಹೌದು, ಹಾಕಿರಲಿಲ್ಲ ಎನ್ನುತ್ತೇನೆ.