ಕಿಟಕಿಯ ಹಿಡಿಕೆ

ಲೋಟದಲ್ಲಿ ನೀರು ನಡುಗುತ್ತಿದೆ, ಇಲ್ಲ, ನಡುಗುತ್ತಿರುವುದು ಫೆನ್ನಾಳ ಮೊಣಕಾಲು, ಮೇಜಿಗೆ ತಾಗುತ್ತಿದೆ — ಬರೆದುಕೋ, ಹತ್ತು ನಲವತ್ತೊಂದು, ವಿದ್ಯಾರ್ಥಿನಿ ಉತ್ತರ ಆರಂಭಿಸಿದಳು, ಮೊಣಕಾಲನ್ನು ಬರೆಯುವ ಹಾಗಿಲ್ಲ, ಮೌಖಿಕ ಪರೀಕ್ಷೆಯಲ್ಲಿ ವರದಿ ಬರೆಯುವವಳಿಗೆ ಕಿವಿ ಇದೆ, ಕೈ ಇದೆ, ಬಾಯಿಲ್ಲ, ಪ್ರಶ್ನೆ ಕೇಳುವವರು ಹಿನ್ರಿಕ್ಸ್, ಅಧ್ಯಕ್ಷರ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯ ಓಲ್ಟ್‌ಮನ್ಸ್, ಅವಳಿಗೆ ಸಾಹಿತ್ಯ ಕಲಿಸಿದ ನಾನು ವರದಿಯ ಹಾಳೆ ಹಿಡಿದು ಮೂಲೆಯಲ್ಲಿ, ಇವತ್ತು ಇವಳು ತೇರ್ಗಡೆಯಾಗದಿದ್ದರೆ ಶಾಲೆಯ ಕೊನೆಯ ವರ್ಷ ಮತ್ತೆ ಮೊದಲಿಂದ, ಎಮ್ಡನ್ ಊರಿನ ನರ್ಸಿಂಗ್ ಸೀಟು ಬೇರೆ ಯಾರಿಗೋ. ಅವಳ ಮುಂದೆ ಎರಡು ಹಾಳೆ, ಒಂದರಲ್ಲಿ ಬುದ್ಧಿಯೇ ದೀಪವೆಂದ ಜ್ಞಾನೋದಯ ಕಾಲದ ನೀತಿಕಥೆ, ಬಾವಿಕಟ್ಟೆಯ ಮೇಲೆ ದೆವ್ವವೆಂದು ಊರೇ ನಡುಗುತ್ತದೆ, ಒಬ್ಬ ದೀಪ ಹಿಡಿದು ಹೋಗಿ ನೋಡಿದರೆ ಒಣಹಾಕಿದ ಅಂಗಿ, ಕೊನೆಯ ಸಾಲಿನಲ್ಲಿ ನೀತಿ. ಇನ್ನೊಂದರಲ್ಲಿ ಅದರ ನಂತರದ, ಮನಸ್ಸನ್ನೇ ನಂಬಿದ ರಮ್ಯಕಾಲದ ಕವಿತೆ, ತೆರೆದ ಕಿಟಕಿಯ ಬಳಿ ನಿಂತವನಿಗೆ ಕತ್ತಲಲ್ಲಿ ಯಾರೋ ಹೊರಟುಹೋಗುವ ಸದ್ದು, ಅಷ್ಟೇ, ನೀತಿಯಿಲ್ಲ. ಆ ಕವಿತೆ ಆರಿಸಿದವಳು ನಾನೇ, ಜನವರಿಯಲ್ಲಿ, ಪ್ರಶ್ನೆಪತ್ರಿಕೆಯ ಲಕೋಟೆಗೆ ಮೊಹರು ಬಿತ್ತು, ಫೆಬ್ರವರಿಯಲ್ಲಿ ಇವಳನ್ನು ಸಾಕಿದ ಅಜ್ಜಿ ತೀರಿಕೊಂಡಳು, ಮಾರ್ಚಿನಲ್ಲಿ ನನ್ನ ಅಡುಗೆಮನೆಯಲ್ಲಿ, ಬಿಸಿ ಚಹಾದೊಳಗೆ ಕಲ್ಲುಸಕ್ಕರೆ ಚಿಟಚಿಟ ಒಡೆಯುತ್ತಿದ್ದಾಗ ಫೆನ್ನಾ ಹೇಳಿದಳು — ಪಕ್ಕದ ಮನೆ ಗೆಸ್ಕೆ ಅತ್ತೆ ಬಂದು ಕಿಟಕಿ ತೆರೆದರು ಮೇಡಂ, ಜೀವ ಹೋಗೋಕೆ ದಾರಿ ಬೇಕಲ್ಲ, ಆಮೇಲೆ ಡಾಕ್ಟರು ಬಂದರು, ಮುಚ್ಚಮ್ಮ, ಹೋದವರಿಗೆ ಗಾಳಿ ಬೇಡ, ಇದ್ದವರಿಗೆ ನೆಗಡಿಯಾಗುತ್ತೆ ಅಂದರು, ಒಳ್ಳೆಯವರೇ, ನಾನೇ ಮುಚ್ಚಿದೆ, ಹೀಗೆ — ಗಾಳಿಯಲ್ಲಿ ಇಲ್ಲದ ಹಿಡಿಕೆಯೊಂದನ್ನು ಕೆಳಕ್ಕೆ ತಿರುಗಿಸಿ ತೋರಿಸಿದಳು — ಅಷ್ಟರಲ್ಲಿ ಅಜ್ಜಿ ಹೊರಗೆ ಹೋಗಿದ್ದಿರಬಹುದಾ ಮೇಡಂ? ಎರಡು ಯುಗಗಳನ್ನು ಹಲಗೆಯ ಮೇಲೆ ಒಂದೇ ಗೆರೆ ಎಳೆದು ಬೇರ್ಪಡಿಸಬಲ್ಲವಳು ನಾನು, ನಮ್ಮ ಕಡೆ ಮೂರು ಬಟ್ಟಲು ಚಹಾ ಕುಡಿಯದೆ ಅತಿಥಿ ಏಳುವಂತಿಲ್ಲವಲ್ಲ, ಮೂರನೆಯದನ್ನು ಸುರಿದೆ.

ಹಿನ್ರಿಕ್ಸ್‌ಗೆ ಒಂದು ಮಾತು ಹೇಳಿದ್ದರೆ ಕವಿತೆ ಬದಲಾಗುತ್ತಿತ್ತು, ಎರಡು ಸಲ ಅವರ ಬಾಗಿಲವರೆಗೂ ಹೋದೆ, ನಿಯಮ ಎಲ್ಲರಿಗೂ ಒಂದೇ ಎಂದು ಬುದ್ಧಿ ಹೇಳಿತು, ಕವಿತೆಯೇ ಅವಳನ್ನು ಕಾಪಾಡುತ್ತದೆ ಎಂದು ಮನಸ್ಸು ಹೇಳಿತು, ಎರಡೂ ಸೇರಿ ನನ್ನನ್ನು ಮನೆಗೆ ವಾಪಸು ಕಳಿಸಿದವು. ಆದರೆ ಈಗ ಫೆನ್ನಾ ಹೇಳುತ್ತಿದ್ದಾಳೆ, ಚೆನ್ನಾಗಿಯೇ ಹೇಳುತ್ತಿದ್ದಾಳೆ, ಬರೆ, ಬೇಗ ಬರೆ — ಕಥೆಯವನಿಗೆ ಭಯ ಹೋದರೆ ಸಾಕು, ಕವಿತೆಯವನಿಗೆ ಭಯ ಹೋದರೆ ಕೈಯಲ್ಲಿ ಏನೂ ಉಳಿಯೋದಿಲ್ಲ — ಇದನ್ನು ನಾನು ಕಲಿಸಿಲ್ಲ, ಹಿನ್ರಿಕ್ಸ್ ತಲೆಯೆತ್ತಿದರು, ತೇರ್ಗಡೆ, ಇನ್ನು ನಾಲ್ಕು ನಿಮಿಷ ಹೀಗೇ ಹೋದರೆ ತೇರ್ಗಡೆ, ಹಿನ್ರಿಕ್ಸ್ ಕೇಳುತ್ತಾರೆ, ಸರಿ ಫೆನ್ನಾ, ಕವಿತೆಯ ಆ ಕಿಟಕಿ ಯಾಕೆ ತೆರೆದಿದೆ ಅಂತೀಯ, ಓಲ್ಟ್‌ಮನ್ಸ್ ನಗುತ್ತಾರೆ, ನನ್ನ ಹೆಂಡತಿಯನ್ನು ಕೇಳಿದರೆ ನಿಮ್ಮ ಸಾಕ್ಸಿನ ವಾಸನೆಗೆ ಅಂತಾಳೆ, ಫೆನ್ನಾ ಕೂಡ ನಕ್ಕಳು, ಅರ್ಧ, ಬಾಯಿ ತೆರೆದಳು, ಕೋಣೆಯ ತೆರೆದ ಕಿಟಕಿಯ ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಶುರುವಾಯಿತು, ಈಗಲೇ ಶುರುವಾಗಬೇಕಿತ್ತೆ, ಒಂದು ಮಾತೂ ಕೇಳಿಸುತ್ತಿಲ್ಲ, ಓಲ್ಟ್‌ಮನ್ಸ್ ಪ್ರೀತಿಯಿಂದಲೇ, ಅವರದು ಒಳ್ಳೆಯ ಮನಸ್ಸು, ನಿನ್ನ ಪಕ್ಕದಲ್ಲೇ ಇದೆಯಲ್ಲ ಫೆನ್ನಾ, ಆ ಕಿಟಕಿ ಮುಚ್ಚಿಬಿಡಮ್ಮ.

ಎದ್ದಳು. ನಾನು ಮುಚ್ಚುತ್ತೇನೆ ಎಂದರಾಯಿತು, ನಾಲ್ಕೇ ಹೆಜ್ಜೆ, ಎರಡೇ ಪದ, ಆದರೆ ವರದಿ ಬರೆಯುವವಳು ಕುರ್ಚಿ ಬಿಟ್ಟೇಳುವಂತಿಲ್ಲ, ಬಾಯಿ ಬಿಡುವಂತಿಲ್ಲ, ಹಿನ್ರಿಕ್ಸ್ ಗಡಿಯಾರ ನೋಡಿದರು, ಹತ್ತು ಐವತ್ತೇಳು, ಹತ್ತು ಐವತ್ತೆಂಟು, ಬರೆ, ವಿದ್ಯಾರ್ಥಿನಿ ಕಿಟಕಿಯ ಬಳಿ, ಯಂತ್ರ ಆ ತುದಿಗೆ ಹೋಗಿ ತಿರುಗಿ ಬಂತು, ಹಸಿ ಹುಲ್ಲಿನ ವಾಸನೆ, ಏನಾಯ್ತಮ್ಮ, ಹಿಡಿಕೆ ಗಟ್ಟಿಯಾಗಿದೆಯಾ, ಮುಖ್ಯೋಪಾಧ್ಯಾಯರು ಕೇಳುತ್ತಾರೆ, ಇಲ್ಲ, ಗಟ್ಟಿಯಾಗಿಲ್ಲ, ಕೆಳಕ್ಕೆ ತಿರುಗಿಸಿದರೆ ಆಯಿತು, ಅವಳಿಗೆ ಗೊತ್ತು, ಅಜ್ಜಿಯ ಕಿಟಕಿಯನ್ನೂ ಹೀಗೇ ಮುಚ್ಚಿದವಳು, ಹಿಡಿಕೆಯ ಮೇಲೆ ಕೈ, ಬೆರಳ ಗೆಣ್ಣುಗಳು ಬಿಳಿ, ತಿರುಗದ ಕೈ, ಬರೆ, ವಿದ್ಯಾರ್ಥಿನಿ ಮೌನ, ಹಿಡಿಕೆಯ ಮೇಲೆ ಕೈ